ನೀರಿಗೆ ಹೋದ ಊರನ್ನ ಕೌದಿ ಮೇಲೆ ಉಳಿಸೋದು ಹೇಗೆ?

ಬಾಗಲಕೋಟೆ: ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟು ಬಂದವರ ಮನೆಗಳಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. ‘ನಮ್ಮ ಅಂಗಡಿ ಗಿರಣಿ ಬಾಜೂಕ ಇತ್ತು’ ಅಂತ ಒಬ್ಬರು, ‘ಅಲ್ಲ, ಬಾವಿ ದಾಟಿದ ಮ್ಯಾಲೆ’ ಅಂತ ಇನ್ನೊಬ್ಬರು. ಸರ್ವೆ ನಕ್ಷೆ ನೋಡಿದರೆ ಹೊಲದ ನಂಬರು, ಗಡಿ ಸಿಗುತ್ತವೆ. ಯಾರ ಕಟ್ಟೆ ಮೇಲೆ ಸಂಜೆ ಮಂದಿ ಕೂಡುತ್ತಿದ್ದರು ಅನ್ನೋದು ಹಿರಿಯರ ತಲೆಯಲ್ಲಿ ಮಾತ್ರ ಇದೆ.

ಜಲಾಶಯದ ಈಗಿನ ಮಟ್ಟ 519.60 ಮೀಟರ್. 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅಷ್ಟು ನೀರು ನಿಂತರೆ ಇನ್ನಷ್ಟು ಓಣಿಗಳು ಹೋಗುತ್ತವೆ.

ನಕ್ಷೆಯನ್ನು ಅರಿವೆಯಲ್ಲಿ ಹೊಲಿದು ಗೋಡೆಗೆ ಹಾಕುವ ಕಲೆಗೆ ಹೊರದೇಶದಲ್ಲಿ ಆರ್ಟ್ ಕ್ವಿಲ್ಟ್ ಅಂತಾರೆ. ನಮ್ಮಲ್ಲಿ ಅದಕ್ಕೆ ಬೇಕಾದ ಕೌದಿ ಹೊಲಿಗೆ ಮನೆಯಲ್ಲೇ ಇದೆ.

ಮೊದಲು ನಕ್ಷೆ

ಭೂಮಾಪನ ಇಲಾಖೆಯ ವೆಬ್‌ಸೈಟ್‌ನಲ್ಲಿ ಗ್ರಾಮ ನಕ್ಷೆ ಸಿಗುತ್ತದೆ. ಎ4 ಹಾಳೆ ಮೇಲೆ ಪ್ರಿಂಟ್ ತೆಗೆದು, ಹಿರಿಯರನ್ನು ಕೂಡಿಸಿ ಗುಡಿ, ಬಾವಿ, ಗಿರಣಿ, ಅಂಗಡಿ ಎಲ್ಲಿದ್ದವು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಇಬ್ಬರು ಬೇರೆ ಬೇರೆ ಹೇಳಿದರೆ ಮೂರನೆಯವರನ್ನು ಕೇಳಿ. ಇಡೀ ಊರು ಆಗದಿದ್ದರೆ ಒಂದು ಬಜಾರ್ ಓಣಿಯನ್ನಷ್ಟೇ ಕೈಯಿಂದ ಬರೆದುಕೊಂಡರೂ ಸಾಕು.

ಅಳತೆ

ಹಾಳೆ ಮೇಲೆ ಒಂದಿಂಚಿನ ಚೌಕ ಎಳೆಯಿರಿ. ಅರಿವೆ ಮೇಲೆ ಸೀಮೆಸುಣ್ಣದಿಂದ ಆರಿಂಚಿನ ಚೌಕ ಎಳೆಯಿರಿ. ಒಂದೊಂದು ಚೌಕದಲ್ಲಿ ಇದ್ದದ್ದನ್ನು ಅದೇ ಚೌಕಕ್ಕೆ ಇಳಿಸುತ್ತ ಹೋದರೆ ನಕ್ಷೆ ಆರು ಪಟ್ಟು ದೊಡ್ಡದಾಗುತ್ತದೆ. ಕೌದಿ ಹತ್ತಿರ ಹತ್ತಿರ ನಾಲ್ಕು ಅಡಿ ಅಗಲ, ಐದೂವರೆ ಅಡಿ ಉದ್ದ ಬರುತ್ತದೆ. ರಸ್ತೆಯನ್ನು ಮಾತ್ರ ಲೆಕ್ಕಕ್ಕಿಂತ ಅಗಲ ಮಾಡಬೇಕು. ಇಲ್ಲಂದ್ರೆ ದಾರದಷ್ಟು ಸಣ್ಣಗಾಗುತ್ತದೆ. ಕಾಗದದ ನಕ್ಷೆ ಮಾಡುವವರೂ ಹೀಗೇ ಮಾಡುತ್ತಾರೆ.

ಅರಿವೆ, ತ್ಯಾಪಿ

ಹಳೇ ಸೀರೆ, ಧೋತರ ಒಳ್ಳೆಯದು. ಬಿಡುವ ಬಣ್ಣ ಮೊದಲೇ ಬಿಟ್ಟಿರುತ್ತದೆ. ಹೊಸ ಅರಿವೆ ಆದರೆ ಒಮ್ಮೆ ಬೇರೆಯಾಗಿ ಒಗೆಯಿರಿ. ಕರಿ ಹೊಲಕ್ಕೆ ಕಪ್ಪು, ಮನೆಗಳಿಗೆ ಇಳಕಲ್ ಸೀರೆಯ ಕೆಂಪು ಸೆರಗು, ಗುಡಿಗೆ ಗುಳೇದಗುಡ್ಡ ಖಣ ಹೊಂದುತ್ತವೆ.

ಮೊದಲು ಹೊಲಗಳ ದೊಡ್ಡ ತುಂಡು, ಆಮೇಲೆ ಹೊಳೆ, ರಸ್ತೆ, ಕಡೆಗೆ ಮನೆ. ಅಂಚನ್ನು ಕಾಲು ಇಂಚು ಒಳಗೆ ಮಡಚಿ ಹೊಲಿಯಿರಿ. ಘಟಪ್ರಭೆಯ ತಿರುವಿಗೆ ಅರಿವೆಯನ್ನು ಓರೆಯಾಗಿ ಕತ್ತರಿಸಬೇಕು. ನೇರ ಕತ್ತರಿಸಿದ ಪಟ್ಟಿ ಬಾಗಿಸಿದರೆ ಸುಕ್ಕಾಗುತ್ತದೆ.

ಮುಳುಗಿದ ಭಾಗ ತೋರಿಸಲು ಒಂದು ಸುಲಭ ದಾರಿ ಇದೆ. ಅಲ್ಲಿನ ಓಣಿ, ಮನೆ ಎಲ್ಲ ಹೊಲಿದಾದ ಮೇಲೆ ತೆಳ್ಳನೆ ನೀಲಿ ವೇಲನ್ನು ಮೇಲೆ ಹಚ್ಚಬೇಕು. ನೀರಿನ ಕೆಳಗೆ ಊರು ಮಸುಕಾಗಿ ಕಾಣುತ್ತಿರುತ್ತದೆ.

ಕೌದಿ ಹೊಲಿಗೆ

ಒಳಗೆ ಎರಡು ಮೂರು ಪದರ ಹಳೇ ಸೀರೆ ಹಾಸಿ, ಎಲ್ಲ ಪದರ ಹಿಡಿಯುವಂತೆ ಕಚ್ಚಾ ಹೊಲಿಗೆ ಹಾಕಿ. ಹೊಲದ ಮೇಲೆ ನೇಗಿಲ ಸಾಲಿನಂತೆ, ಹೊಳೆ ಮೇಲೆ ನೀರು ಹರಿವ ದಿಕ್ಕಿಗೆ ಹೊಲಿದರೆ ನಕ್ಷೆ ಓದಲು ಸಲೀಸು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ‘ಫೂಲ’ ಅನ್ನುವ ಮಡಚಿದ ತುಂಡು ಇಟ್ಟು ಮುಗಿಸುತ್ತಾರೆ.

ಹೆಸರು ಮರೆಯಬೇಡಿ

ಓಣಿ, ಅಂಗಡಿ ಹೆಸರನ್ನು ಸರಪಳಿ ಹೊಲಿಗೆಯಲ್ಲಿ ಬರೆಯಿರಿ. ಉತ್ತರ ದಿಕ್ಕಿನ ಬಾಣ, ಹೊಲಿದ ವರ್ಷ, ನೆನಪು ಹೇಳಿದವರ ಹೆಸರು ಮೂಲೆಯಲ್ಲಿರಲಿ. ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.

ಪರಿಹಾರಕ್ಕಾಗಲಿ, ಕೋರ್ಟಿಗಾಗಲಿ ಈ ಕೌದಿ ದಾಖಲೆ ಆಗೋದಿಲ್ಲ. ಅದಕ್ಕೆ ಉತಾರ, ಸರ್ವೆ ನಕ್ಷೆ ಜೋಪಾನ ಇಟ್ಟುಕೊಳ್ಳಲೇಬೇಕು. ಆದರೆ ಅಜ್ಜಿ ಹುಟ್ಟಿದ ಮನೆ ಎಲ್ಲಿತ್ತು ಅಂತ ಮೊಮ್ಮಗ ಕೇಳಿದಾಗ ಬೆರಳಿಟ್ಟು ತೋರಿಸಲು ಒಂದು ಜಾಗ ಇರುತ್ತದೆ. ಹೊಲಿಯಲು ಮಳೆಗಾಲದವರೆಗೂ ಕಾಯಬಹುದು. ಹಿರಿಯರನ್ನು ಕೇಳುವ ಕೆಲಸ ಮಾತ್ರ ಈ ವಾರವೇ ಆಗಲಿ.