ಒಂದೇ ಸಂಜೆಗೆ ಎರಡು ಕೂಟ: ಐಟಿ ಮಂದಿಯ ಸಭೆಗಳೂ ನಮ್ಮ ಅಡುಗೆಮನೆಯೂ



ಮದುವೆ ಮುಂಜಿಗಳ ಅಡುಗೆ ಹಿಡಿಯುವ ನಮಗೆ ಒಂದೇ ದಿನ ನಾಲ್ಕಾರು ಕಾರ್ಯಕ್ರಮ ಬೀಳುವುದು ಹೊಸದೇನಲ್ಲ. ಒಳ್ಳೆಯ ಮುಹೂರ್ತವಿದ್ದ ದಿನ ಊರಿನ ಎಲ್ಲ ಹಾಲ್‌ಗಳೂ ತುಂಬಿರುತ್ತವೆ, ಭಟ್ಟರು ಸಿಗುವುದಿಲ್ಲ, ಪಾತ್ರೆ ಬಾಡಿಗೆಯೂ ಏರುತ್ತದೆ. ಆದರೂ ನಾವು ಕಂಗೆಡುವುದಿಲ್ಲ. ಏಕೆಂದರೆ ಪಂಚಾಂಗ ವರ್ಷಾರಂಭದಲ್ಲೇ ಕೈಯಲ್ಲಿರುತ್ತದೆ. ಯಾವ ತಿಂಗಳು ಗದ್ದಲ, ಆಷಾಢದಲ್ಲಿ ಎಷ್ಟು ಬಿಡುವು ಎಂಬುದು ನಮಗೆ ಬಾಯಿಪಾಠ. ಮೇಲಾಗಿ ಮದುವೆಗೆ ಕರೆದವರಲ್ಲಿ ಹೆಚ್ಚಿನವರು ಬಂದೇ ಬರುತ್ತಾರೆ.

ಆದರೆ ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ಇನ್ನೊಂದು ಬಗೆಯ ಗಿರಾಕಿ ನಮ್ಮ ಬಾಗಿಲಿಗೆ ಬಂದು ಬಹಳ ವರ್ಷಗಳಾದವು. ಐಟಿ ಕಂಪನಿಗಳ ಹುಡುಗರು, ಹೊಸ ಉದ್ದಿಮೆ ಹೂಡುವವರು, ಸಾಮಾಜಿಕ ಜಾಲತಾಣಗಳಲ್ಲಿ ಪರಿಚಯವಾದವರು ತಿಂಗಳಿಗೊಮ್ಮೆ ಒಂದೆಡೆ ಕಲೆತು ಮಾತನಾಡುವ ಕೂಟಗಳಿವು. ಐವತ್ತು, ನೂರು ಜನರ ಚಹಾ-ತಿಂಡಿ ಅಥವಾ ಸರಳ ಊಟದ ಆರ್ಡರ್. ಈ ಸಭೆಗಳಿಗೆ ಪಂಚಾಂಗವಿಲ್ಲ. ಹಾಗಾಗಿ ಒಂದೇ ಸಂಜೆ ಒಂದೇ ಜನರನ್ನು ಎರಡು ಮೂರು ಕಡೆ ಕರೆಯುವುದು ಆಗಾಗ ನಡೆಯುತ್ತದೆ. ಅದರ ಪೆಟ್ಟು ಕೊನೆಗೆ ಬೀಳುವುದು ನಮ್ಮ ಅಡುಗೆಮನೆಗೆ. ಹೀಗೇಕಾಗುತ್ತದೆ, ನಾವೇನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ನಮಗೇ ಆದ ಅನುಭವ

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಮ್ಮ ಮಹಡಿಯ ಹಾಲನ್ನು ಒಂದು ಗುಂಪಿನವರು ಶನಿವಾರ ಸಂಜೆಗೆ ಕಾದಿರಿಸಿದರು. ನೂರಿಪ್ಪತ್ತು ಜನ ಹೆಸರು ಕೊಟ್ಟಿದ್ದಾರೆ ಎಂದರು. ನಾವೂ ನೂರಿಪ್ಪತ್ತು ತಟ್ಟೆಗೆ ಬಿಸಿಬೇಳೆಭಾತ್, ಶೀರಾ, ಬೋಂಡಾ ಸಿದ್ಧಪಡಿಸಿದೆವು. ಆರು ಗಂಟೆ ಆಯಿತು, ಏಳಾಯಿತು, ಬಂದವರು ನಲವತ್ತಾರು ಜನ. ಆಮೇಲೆ ಗೊತ್ತಾಯಿತು, ಅಂದೇ ಸಂಜೆ ಎರಡು ಕಿಲೋಮೀಟರ್ ಆಚೆ ಅದೇ ವಿಷಯದ ಇನ್ನೊಂದು ಸಭೆಯಿತ್ತು. ಅಲ್ಲಿಯೂ ಅರ್ಧ ಕುರ್ಚಿ ಖಾಲಿ!

ಸಭೆ ಕರೆದಿದ್ದ ಹುಡುಗ ಕೊನೆಯಲ್ಲಿ ಗಲ್ಲಾದ ಎದುರು ನಿಂತು ಜೇಬಿನ ನೋಟು ಎಣಿಸತೊಡಗಿದ. ಪ್ರಾಯೋಜಕರಿರಲಿಲ್ಲ, ಸ್ವಂತ ಸಂಬಳದ ಹಣ. ಪೂರ್ತಿ ಬಿಲ್ಲು ತೆಗೆದುಕೊಳ್ಳಲು ಮನಸ್ಸಾಗದೆ ನಾವು ಒಂದಿಷ್ಟು ಬಿಟ್ಟೆವು. ನಷ್ಟ ನಮಗೂ ಆಯಿತು, ಅವನಿಗೂ ಆಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಆ ಗುಂಪು ಮತ್ತೆ ಸಭೆ ಸೇರಲೇ ಇಲ್ಲ. ತಿಂಗಳಿಗೊಮ್ಮೆ ಬರಬೇಕಾಗಿದ್ದ ಗಿರಾಕಿ ಒಂದೇ ಸಂಜೆಗೆ ಮುಗಿದುಹೋದ. ಆ ಎರಡನೇ ಸಭೆಯ ತಿಂಡಿ ಹೋದದ್ದೂ ನಮ್ಮ ಪರಿಚಯದ ಹೋಟೆಲಿನಿಂದಲೇ. ಹಿಂದಿನ ವಾರ ನಾವಿಬ್ಬರೂ ತರಕಾರಿ ಮಾರುಕಟ್ಟೆಯಲ್ಲಿ ಭೇಟಿಯಾಗಿದ್ದೆವು. ಒಂದು ಮಾತು ಆಡಿದ್ದರೆ ಸಾಕಿತ್ತು.

ದಿನಗಳು ಡಿಕ್ಕಿ ಹೊಡೆಯುವುದೇಕೆ?

ಮೊದಲ ಕಾರಣ, ಅನುಕೂಲದ ದಿನಗಳೇ ಕಡಿಮೆ. ಕೆಲಸದಲ್ಲಿರುವವರಿಗೆ ಸೋಮವಾರ ಆಗದು, ಶುಕ್ರವಾರ ಸಂಜೆ ಊರಿಗೆ ಹೊರಡುವವರೇ ಹೆಚ್ಚು, ಭಾನುವಾರ ಮನೆಮಂದಿಗೆ ಮೀಸಲು. ಉಳಿಯುವುದು ವಾರದ ನಡುವಿನ ಎರಡು ಮೂರು ಸಂಜೆ ಮತ್ತು ಶನಿವಾರ. ಗಣೇಶೋತ್ಸವ, ನವರಾತ್ರಿ, ದೀಪಾವಳಿ, ಮುಂಬಯಿ ಮಳೆ, ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿ ಇವನ್ನು ಕಳೆದರೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕೆಲವೇ ವಾರಗಳಿಗೆ ಎಲ್ಲರೂ ಮುಗಿಬೀಳುತ್ತಾರೆ.

ಎರಡನೆಯದು, ಬಿಟ್ಟಿ ಪ್ರವೇಶ. ಹಣ ಕೊಡದೆ ಹೆಸರು ನೋಂದಾಯಿಸುವುದು ಸುಲಭ. ಒಬ್ಬನೇ ಮೂರು ಸಭೆಗೆ ‘ಬರುತ್ತೇನೆ’ ಎಂದು ಒತ್ತಿ, ಆ ಸಂಜೆ ಟ್ರಾಫಿಕ್ ನೋಡಿ ಒಂದಕ್ಕೆ ಹೋಗುತ್ತಾನೆ ಅಥವಾ ಯಾವುದಕ್ಕೂ ಹೋಗುವುದಿಲ್ಲ. ಮೂರು ಕಡೆಯ ಪಟ್ಟಿಯಲ್ಲೂ ಅವನ ಹೆಸರಿರುತ್ತದೆ, ಮೂರು ಕಡೆಯೂ ಅವನಿಗಾಗಿ ಇಡ್ಲಿ ಬೇಯುತ್ತದೆ.

ಮೂರನೆಯದು, ಎಲ್ಲರೂ ನೋಡುವ ಒಂದೇ ಪಟ್ಟಿ ಇಲ್ಲದಿರುವುದು. ಒಬ್ಬರು ಮೀಟಪ್ ತಾಣದಲ್ಲಿ ಹಾಕುತ್ತಾರೆ, ಇನ್ನೊಬ್ಬರು ಲಿಂಕ್ಡ್‌ಇನ್‌ನಲ್ಲಿ, ಮತ್ತೊಬ್ಬರು ಬರೀ ವಾಟ್ಸಾಪ್ ಗುಂಪಿನಲ್ಲಿ. ಹಾಲ್ ಸಿಕ್ಕಿ ಭಾಷಣಕಾರರು ಒಪ್ಪಿದ ಮೇಲೆಯೇ ಪ್ರಕಟಣೆ ಹೊರಬೀಳುತ್ತದೆ. ಇನ್ನೊಬ್ಬರ ಸಭೆಯ ಸುದ್ದಿ ತಿಳಿಯುವ ಹೊತ್ತಿಗೆ ಮುಂಗಡ ಕೊಟ್ಟಾಗಿರುತ್ತದೆ, ದಿನ ಬದಲಿಸಲು ಆಗುವುದಿಲ್ಲ.

ಸಂತೆಯಿಂದ ಕಲಿಯುವ ಪಾಠ

ನಮ್ಮ ಊರ ಕಡೆಯ ಸಂತೆಗಳನ್ನು ನೆನಪಿಸಿಕೊಳ್ಳಿ. ಒಂದೂರಿಗೆ ಸೋಮವಾರ ಸಂತೆ, ಪಕ್ಕದೂರಿಗೆ ಬುಧವಾರ, ಅದರಾಚೆ ಶನಿವಾರ. ಅದೇ ವ್ಯಾಪಾರಿ ಗಂಟು ಹೊತ್ತು ಎಲ್ಲ ಕಡೆಯೂ ಹೋಗಬಲ್ಲ, ಗಿರಾಕಿಗೂ ದಿನ ಮರೆಯುವುದಿಲ್ಲ.

ಈ ಹೊಸ ಕೂಟಗಳನ್ನು ಹುಟ್ಟುಹಾಕಿದ ಕೆಲವರಿಗೂ ಈ ಉಪಾಯ ಹೊಳೆದಿತ್ತು. 1998ರಲ್ಲಿ ಲಂಡನ್ನಿನಲ್ಲಿ ‘ಫಸ್ಟ್ ಟ್ಯೂಸ್‌ಡೇ’ ಎಂಬ ಕೂಟ ಆರಂಭವಾಯಿತು. ತಿಂಗಳ ಮೊದಲ ಮಂಗಳವಾರ ಎಂದು ಹೆಸರೇ ಹೇಳುತ್ತದೆ. 2000ದಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಮೊಬೈಲ್ ಕ್ಷೇತ್ರದವರು ‘ಮೊಬೈಲ್ ಮಂಡೇ’ ಶುರುಮಾಡಿದರು. ಅದು ಮುಂದೆ ನಮ್ಮ ನಗರಗಳಿಗೂ ಬಂತು. ನಮ್ಮ ದೇಶದಲ್ಲಿ ಹೊಸ ಉದ್ದಿಮೆಗಾರರ ‘ಸ್ಟಾರ್ಟಪ್ ಸ್ಯಾಟರ್‌ಡೇ’ ತಿಂಗಳ ಎರಡನೇ ಶನಿವಾರ ಸೇರುವ ಪದ್ಧತಿ ಇಟ್ಟುಕೊಂಡಿತು. ದಿನ ಗೊತ್ತಿದ್ದರೆ ಉಳಿದವರು ಅದನ್ನು ಬಿಟ್ಟು ಬೇರೆ ದಿನ ಆರಿಸಬಹುದು.

ಆದರೆ 2002ರಲ್ಲಿ ನ್ಯೂಯಾರ್ಕಿನಲ್ಲಿ ಮೀಟಪ್ ತಾಣ ಬಂದ ಮೇಲೆ ಯಾರು ಬೇಕಾದರೂ ಸಭೆ ಕರೆಯುವುದು ಸುಲಭವಾಯಿತು. 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ‘ಬಾರ್‌ಕ್ಯಾಂಪ್’ ಮರುವರ್ಷವೇ ಭಾರತಕ್ಕೆ ಬಂತು. ಅದಕ್ಕೆ ಅಧ್ಯಕ್ಷರಿಲ್ಲ, ನಿಗದಿತ ಕಾರ್ಯಕ್ರಮ ಪಟ್ಟಿಯಿಲ್ಲ, ಬಂದವರೇ ಭಾಷಣಕಾರರು. 2009ರ ಸುಮಾರಿಗೆ ಟ್ವಿಟರಿನಲ್ಲಿ ಪರಿಚಯವಾದವರ ‘ಟ್ವೀಟಪ್’ಗಳು ಜೋರಾದವು. ಇಂಥ ಕೂಟಗಳಿಗೆ ನಿಗದಿತ ವಾರವಿಲ್ಲ, ಸಂತೆಯ ಕಟ್ಟಳೆ ಅಲ್ಲಿಗೆ ಸಡಿಲವಾಯಿತು.

ಇದನ್ನು ಸರಿಪಡಿಸುವ ಯತ್ನವೂ ನಡೆದಿದೆ. 2008ರಲ್ಲಿ ಆರಂಭವಾದ ‘ಪುಣೆಟೆಕ್’ ತಾಣ ಪುಣೆಯ ತಂತ್ರಜ್ಞಾನ ಸಭೆಗಳ ವಿವರವನ್ನು ಒಂದೆಡೆ ಕೊಡುತ್ತಾ ಬಂದಿತು. ಸಭೆ ಕರೆಯುವವರು ದಿನ ಗೊತ್ತುಮಾಡುವ ಮೊದಲು ಅಂಥ ಪಟ್ಟಿ ನೋಡಿದರೆ ಅರ್ಧ ತೊಂದರೆ ತಪ್ಪುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಸಭೆಗಳೆಲ್ಲ ಕಂಪ್ಯೂಟರ್ ಪರದೆಗೆ ಹೋದವು, ನಮ್ಮ ತಿಂಡಿಗೆ ಅಲ್ಲಿ ಜಾಗವಿರಲಿಲ್ಲ. ಈಗ ಜನ ಮತ್ತೆ ಮುಖಾಮುಖಿ ಸೇರುತ್ತಿದ್ದಾರೆ, ಜೊತೆಗೆ ಹಳೆಯ ಡಿಕ್ಕಿಯೂ ಮರಳಿದೆ.

ಒಂದೇ ದಿನ ಬಂದರೆಲ್ಲ ಡಿಕ್ಕಿಯಲ್ಲ

ಇಲ್ಲೊಂದು ಸೂಕ್ಷ್ಮವಿದೆ. ಮುಂಬಯಿಯಲ್ಲಿ ಗುರುವಾರ ಸಂಜೆ ಪೊವಾಯಿಯಲ್ಲೊಂದು, ಲೋವರ್ ಪರೇಲಿನಲ್ಲೊಂದು ಸಭೆಯಿದ್ದರೆ ಹೆಚ್ಚು ಚಿಂತೆ ಬೇಡ. ಆ ಹೊತ್ತಿನಲ್ಲಿ ಅಲ್ಲಿಂದಿಲ್ಲಿಗೆ ಬರುವವರು ಕಡಿಮೆ, ಎರಡಕ್ಕೂ ಬೇರೆ ಬೇರೆ ಜನ. ಪುಣೆಯ ಹಿಂಜವಡಿ ಮತ್ತು ಖರಾಡಿ ಊರಿನ ಎರಡು ತುದಿಗಳು, ಅಲ್ಲಿಯೂ ಇದೇ ಮಾತು. ಶನಿವಾರವಾದರೆ ಮಾತ್ರ ಜನ ದೂರದಿಂದಲೂ ಬರುತ್ತಾರೆ, ಆಗ ಇಡೀ ಊರೇ ಒಂದು ಹಾಲ್ ಇದ್ದಂತೆ. ಹೈದರಾಬಾದಿನ ಮಾದಾಪುರ, ಗಚ್ಚಿಬೌಲಿ, ರಾಯದುರ್ಗ ಒಂದಕ್ಕೊಂದು ತಾಗಿಕೊಂಡಿವೆ. ಅಲ್ಲಿ ವಾರದ ದಿನವೂ ಪೆಟ್ಟು ಬೀಳುತ್ತದೆ. ಆದ್ದರಿಂದ ಗಮನಿಸಬೇಕಾದದ್ದು ಮೂರು: ಜನ ಅವರೇನಾ? ವಿಷಯ ಅದೇನಾ? ದೂರ ಎಷ್ಟು?

ದೊಡ್ಡ ಸಮ್ಮೇಳನಗಳದ್ದು ಬೇರೆ ಕತೆ. 2018ರ ಫೆಬ್ರವರಿ 19ರಿಂದ 21ರವರೆಗೆ ಹೈದರಾಬಾದಿನ ಎಚ್‌ಐಸಿಸಿಯಲ್ಲಿ ವಿಶ್ವ ಮಾಹಿತಿ ತಂತ್ರಜ್ಞಾನ ಸಮ್ಮೇಳನ ನಡೆಯಿತು. ನಾಸ್ಕಾಂನ ವಾರ್ಷಿಕ ಸಮಾವೇಶವೂ ಆ ವರ್ಷ ಅದರೊಂದಿಗೇ ಸೇರಿತ್ತು. ಅದೇ ಫೆಬ್ರವರಿ 18ರಿಂದ 20ರವರೆಗೆ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಮಹಾರಾಷ್ಟ್ರ ಸರಕಾರದ ‘ಮ್ಯಾಗ್ನೆಟಿಕ್ ಮಹಾರಾಷ್ಟ್ರ’ ಹೂಡಿಕೆ ಸಮಾವೇಶ. ಪ್ರಧಾನಿಯವರು 18ರಂದು ಮುಂಬಯಿಗೆ ಖುದ್ದು ಬಂದು, 19ರಂದು ಹೈದರಾಬಾದಿನ ಸಮ್ಮೇಳನವನ್ನು ವೀಡಿಯೊ ಮೂಲಕ ಉದ್ಘಾಟಿಸಿದರು. ಹೈದರಾಬಾದಿನಲ್ಲಿ ಅದು ಮುಗಿದ ಮರುದಿನವೇ, 22ರಿಂದ 24ರವರೆಗೆ, ಬಯೋಏಷ್ಯಾ ಸಮ್ಮೇಳನ. ಅಂಥ ವಾರದಲ್ಲಿ ರೂಮು, ಗಾಡಿ, ಬಡಿಸುವ ಹುಡುಗರು ಎಲ್ಲಕ್ಕೂ ಪೈಪೋಟಿ. ಸಣ್ಣ ಗುಂಪಿನ ಸಭೆಗೆ ಬರಬೇಕಾದ ಭಾಷಣಕಾರರೂ ದೊಡ್ಡ ಸಮ್ಮೇಳನದಲ್ಲೇ ಇರುತ್ತಾರೆ. ಇಂಥವುಗಳ ದಿನಾಂಕ ತಿಂಗಳುಗಳ ಮೊದಲೇ ಪತ್ರಿಕೆಯಲ್ಲಿ ಬರುವುದರಿಂದ ಅವನ್ನು ಗಲ್ಲಾದ ಪಕ್ಕದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಕಷ್ಟವಲ್ಲ.

ನಾವು ಮಾಡಬಹುದಾದದ್ದು

ಸಭೆ ಕರೆಯುವವರಿಗೆ ಗೊತ್ತಿಲ್ಲದ ಒಂದು ಸಂಗತಿ ನಮಗೆ ಗೊತ್ತಿರುತ್ತದೆ. ಒಂದೇ ದಿನಕ್ಕೆ ಇಬ್ಬರು ಹಾಲ್ ಕೇಳಿದರೆ ಆ ಎರಡೂ ಫೋನು ಬರುವುದು ನಮಗೇ. ಊರಿನ ಹತ್ತು ಹೋಟೆಲುಗಳ ಬುಕಿಂಗ್ ಪುಸ್ತಕ ಒಟ್ಟಿಗಿಟ್ಟರೆ ಅದೇ ಈ ಸಭೆಗಳ ಪಂಚಾಂಗ.

ಒಂದು: ಬುಕಿಂಗ್ ಬರೆಯುವಾಗ ‘ಯಾವ ವಿಷಯದ ಸಭೆ, ಯಾರಿಗಾಗಿ’ ಎಂದೂ ಕೇಳಿ ಬರೆದುಕೊಳ್ಳಿ. ‘ಮೀಟಿಂಗ್, ನೂರು ಜನ’ ಎಂದಷ್ಟೇ ಬರೆದರೆ ಮುಂದೆ ಪ್ರಯೋಜನವಿಲ್ಲ.

ಎರಡು: ಡಿಕ್ಕಿ ಕಂಡರೆ ಮುಂಗಡ ಪಡೆಯುವ ಮೊದಲೇ ಹೇಳಿಬಿಡಿ. ಆದರೆ ಇನ್ನೊಂದು ಗುಂಪಿನ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಹೇಳಬಾರದು. ಗಿರಾಕಿಯ ವಿಷಯ ಗಲ್ಲಾ ದಾಟಬಾರದು. ‘ಅದೇ ಸಂಜೆ ಇಂಥದೇ ಇನ್ನೊಂದು ಕೂಟವಿದೆ, ಒಂದು ವಾರ ಮುಂದೆ ಹಾಕಿದರೆ ಹೇಗೆ?’ ಎಂದರೆ ಸಾಕು. ಆರ್ಡರ್ ಕೈತಪ್ಪೀತು ಎಂಬ ಅಂಜಿಕೆ ಸಹಜ. ಲೆಕ್ಕ ಹಾಕಿ ನೋಡಿ: ಒಂದೇ ದಿನ ಎರಡು ಅರ್ಧ ಹಾಲ್‌ಗಿಂತ ಎರಡು ವಾರದಲ್ಲಿ ಎರಡು ತುಂಬಿದ ಹಾಲ್ ಮೇಲು.

ಮೂರು: ನೋಂದಣಿ ಲೆಕ್ಕವನ್ನು ತಟ್ಟೆಯ ಲೆಕ್ಕವೆಂದು ತಿಳಿಯಬೇಡಿ. ಕನಿಷ್ಠ ಖಾತರಿ ಎಷ್ಟು, ಹೆಚ್ಚಾದರೆ ಎಷ್ಟರವರೆಗೆ ಎಂದು ಎರಡು ಅಂಕಿ ಬರೆಸಿಕೊಳ್ಳಿ. ಉದಾಹರಣೆಗೆ ನೂರಿಪ್ಪತ್ತು ಹೆಸರಿದ್ದರೆ ಎಪ್ಪತ್ತಕ್ಕೆ ಖಾತರಿ, ಮೇಲೆ ಮೂವತ್ತಕ್ಕೆ ತಯಾರಿ. ತಟ್ಟೆಗೆ 200 ರೂಪಾಯಿಯಾದರೆ ಖಾತರಿ ಹಣ 14,000. ಪೂರ್ತಿ 120ಕ್ಕೆ ಆಗುತ್ತಿದ್ದುದು 24,000. ಈ 10,000ದ ಅಂತರವೇ ಸ್ವಂತ ಸಂಬಳದಿಂದ ಸಭೆ ನಡೆಸುವ ಹುಡುಗನನ್ನು ಉಳಿಸುವುದು. ಹಿಂದಿನ ದಿನ ಎಲ್ಲರಿಗೂ ಮತ್ತೊಮ್ಮೆ ಸಂದೇಶ ಕಳುಹಿಸಿ ಅಂಕಿ ತಿಳಿಸುವಂತೆ ಅವರಿಗೆ ಹೇಳಿ.

ನಾಲ್ಕು: ಜನ ಬಂದಂತೆ ಮಾಡಿಕೊಡಬಹುದಾದ ಪದಾರ್ಥ ಆರಿಸಿ. ಇಡ್ಲಿ, ದೋಸೆ ಹಿಟ್ಟು ಉಳಿದರೆ ಫ್ರಿಜ್ಜಿಗೆ ಹೋಗುತ್ತದೆ, ನಾಳೆ ಬೆಳಿಗ್ಗೆ ಖರ್ಚಾಗುತ್ತದೆ. ಉಪ್ಪಿಟ್ಟಿನ ರವೆ ಹುರಿದಿಟ್ಟರೆ ಹತ್ತು ನಿಮಿಷದ ಕೆಲಸ. ಬಿಸಿಬೇಳೆಭಾತ್, ಕರಿದ ಬೋಂಡಾ, ಕಾಯಿಚಟ್ನಿ ಹಾಗಲ್ಲ, ಒಮ್ಮೆ ಮಾಡಿದರೆ ಆಯಿತು. ನಮ್ಮ ಆ ಶನಿವಾರದ ತಪ್ಪೂ ಅದೇ.

ಐದು: ಆದರೂ ಉಳಿದರೆ ಕಸದ ಬುಟ್ಟಿಗೆ ಹಾಕಬೇಡಿ. ಬಿಸಿ ಪದಾರ್ಥವನ್ನು 60 ಡಿಗ್ರಿಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಟ್ಟಿದ್ದರೆ, ಯಾರೂ ಮುಟ್ಟದ ಊಟವನ್ನು ಹಂಚಲು ಕೊಡಬಹುದು. ಇದಕ್ಕೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ಮಾಡಿದೆ. 2014ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಬಿನ್ ಹುಡ್ ಆರ್ಮಿಯ ಸ್ವಯಂಸೇವಕರು ಹಲವು ನಗರಗಳಲ್ಲಿದ್ದಾರೆ. ಅಂಥವರ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ, ರಾತ್ರಿ ಹತ್ತಕ್ಕೆ ಹುಡುಕುತ್ತಾ ಕೂರಬೇಡಿ.

ಕೊನೆಯ ಮಾತು

ಆ ಹುಡುಗನ ಗುಂಪು ಮತ್ತೆ ಸೇರಲಿಲ್ಲ ಎಂದೆವಲ್ಲ, ಅವನು ಮಾತ್ರ ಈಗಲೂ ಭಾನುವಾರ ಮಸಾಲೆದೋಸೆಗೆ ಬರುತ್ತಾನೆ. ‘ಅಂದು ನಮಗೆ ಯಾರೂ ಹೇಳಲಿಲ್ಲ ಅಣ್ಣಾ’ ಎಂದು ಒಮ್ಮೆ ಹೇಳಿದ. ಹೇಳಬಹುದಾಗಿದ್ದವರು ನಾವೇ ಎಂಬುದು ಅವನಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು.

ಆದ್ದರಿಂದ ಪ್ರತಿ ನಗರದ ಸದಸ್ಯರು ತಿಂಗಳ ಮೊದಲ ವಾರ ಒಮ್ಮೆ ಫೋನಿನಲ್ಲಾದರೂ ಮಾತನಾಡಿ, ಗಿರಾಕಿಯ ಹೆಸರು ಹೇಳದೆ, ದಿನ ಮತ್ತು ವಿಷಯವನ್ನಷ್ಟೇ ಹಂಚಿಕೊಳ್ಳಬೇಕೆಂದು ನಮ್ಮ ವಿನಂತಿ. ಇದಕ್ಕೆ ಖರ್ಚಿಲ್ಲ, ಕಂಪ್ಯೂಟರೂ ಬೇಡ. ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆದುಕೊಳ್ಳುವುದಿಲ್ಲ ಎಂಬ ನಂಬಿಕೆಯೊಂದಿದ್ದರೆ ಸಾಕು. ತಮ್ಮ ಊರಿನಲ್ಲಿ ಹೀಗೆ ಮಾಡಿ ನೋಡಿದ್ದರೆ ಆ ಅನುಭವವನ್ನು ನಮಗೂ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ತಿಳಿಸೋಣ.