ವಿದ್ಯುತ್ ಬೈಕೂ ಗುಡ್ಡಗಾಡಿನ ಕೃಷಿಕರೂ

ಕಡಬ ತಾಲೂಕಿನ ರಾಮಕುಂಜ ಮತ್ತು ಅದರ ನೆರೆಯ ಗ್ರಾಮಗಳಲ್ಲಿ ಸಮತಲವಾದ ಭೂಮಿಯು ಕಡಮೆ. ಅಡಿಕೆಯ ತೋಟವು ತಗ್ಗಿನಲ್ಲಿಯೂ, ರಬ್ಬರು ಗೇರುಗಳು ಗುಡ್ಡದಲ್ಲಿಯೂ ಇರುವುದು ವಾಡಿಕೆ. ತೋಟದ ಮನೆಯಿಂದ ಡಾಮರು ರಸ್ತೆಯನ್ನು ಸೇರಬೇಕಾದರೆ ಕಡಿದಾದ ಮಣ್ಣಿನ ದಾರಿಯನ್ನು ಏರಿಯೇ ಬರಬೇಕು. ಬೆಳಗ್ಗೆ ಸೊಸೈಟಿಗೆ ಹಾಲನ್ನು ಒಯ್ಯುವುದು, ಉಪ್ಪಿನಂಗಡಿಯಿಂದ ಹಿಂಡಿಯ ಮೂಟೆಯನ್ನು ತರುವುದು, ಇವೇ ಇಲ್ಲಿ ದ್ವಿಚಕ್ರ ವಾಹನದ ನಿತ್ಯದ ಕೆಲಸಗಳು. ವಿದ್ಯುತ್ ಬೈಕಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯೊಂದಕ್ಕೇ ಸಲ್ಲುತ್ತದೆ. ಅದು ಅಕಾಲದಲ್ಲಿ ಕೆಟ್ಟಿತೆಂದರೆ ಸಣ್ಣ ಹಿಡುವಳಿದಾರನಿಗೆ ಒಂದು ವರ್ಷದ ಉಳಿತಾಯವೇ ಹೋದಂತೆ. ಆದುದರಿಂದ ಕೊಳ್ಳುವ ಮೊದಲೇ ಕೆಲವು ಸಂಗತಿಗಳನ್ನು ತಿಳಿದಿರುವುದು ಲೇಸು.

ಮೋಟಾರಿನ ಬಲವು ೨೫೦ ವಾಟ್‌ಗೂ, ವೇಗವು ಗಂಟೆಗೆ ೨೫ ಕಿಲೋಮೀಟರಿಗೂ ಮೀರದ, ನಿಯಮಾನುಸಾರ ಪರೀಕ್ಷಿತವಾದ ಬೈಕುಗಳಿಗೆ ನೋಂದಣಿಯೂ ಚಾಲನಾಪತ್ರವೂ ಬೇಕಿಲ್ಲ. ಬೆಲೆಯೂ ಕಡಮೆ. ಇದನ್ನು ಕಂಡು ಅನೇಕರು ಆಶೆಪಡುತ್ತಾರೆ. ಆದರೆ ಲೆಕ್ಕವನ್ನು ನೋಡಿರಿ. ಸವಾರನೂ ಹೊರೆಯೂ ಸೇರಿ ೧೫೦ ಕಿಲೋ ತೂಗುವ ಇಂತಹ ಬೈಕು, ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ ತನ್ನ ನಿರಂತರ ಬಲದಿಂದ ಗಂಟೆಗೆ ೬ ಕಿಲೋಮೀಟರು ಮಾತ್ರ ಸಾಗಬಲ್ಲುದು, ಅಂದರೆ ಮನುಷ್ಯನ ನಡಿಗೆಗಿಂತ ಸ್ವಲ್ಪವೇ ಹೆಚ್ಚು. ಮೇಲಾಗಿ ಮೋಟಾರು ಕಾಯುತ್ತದೆ. ಇದು ಪೇಟೆಯ ಸಮರಸ್ತೆಗೆ ಯೋಗ್ಯವೇ ಹೊರತು ಗುಡ್ಡದ ದಾರಿಗಲ್ಲ. ವೇಗವನ್ನು ಹೆಚ್ಚಿಸಲು ಕಟ್ಟುಗಳನ್ನು ತೆಗೆಯಿಸಿದರೆ ಮೇಲಿನ ವಿನಾಯಿತಿಯೂ ತಪ್ಪುತ್ತದೆ. ಇಲ್ಲಿಯ ಕೃಷಿಕನು ನೋಂದಣಿಯಾಗುವ ತರಗತಿಯ ಬೈಕನ್ನೇ ಕೊಳ್ಳತಕ್ಕದ್ದು. ಕೊಳ್ಳುವ ಮೊದಲು ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಿಸಿ ನೋಡಿದರೆ ಸಾಲದು. ಸಾಧ್ಯವಾದರೆ ಹೊರೆಸಹಿತವಾಗಿ ತನ್ನ ಮನೆಯ ಏರಿನಲ್ಲಿಯೇ ಓಡಿಸಿ ನೋಡಬೇಕು.

ಒಮ್ಮೆ ಚಾರ್ಜು ಮಾಡಿದರೆ ಇಷ್ಟು ದೂರ ಓಡುತ್ತದೆಂದು ಮಾರುವವರು ಹೇಳುವ ಸಂಖ್ಯೆಯು ಪರೀಕ್ಷಾಶಾಲೆಯದು. ಬೈಕು, ಸವಾರ, ಹೊರೆಗಳೆಲ್ಲ ಸೇರಿ ೨೨೫ ಕಿಲೋ ಎಂದಿಟ್ಟುಕೊಂಡರೆ, ೧೦೦ ಮೀಟರು ಎತ್ತರವನ್ನು ಏರಲು ಮೋಟಾರಿನ ನಷ್ಟವೂ ಸೇರಿ ಸುಮಾರು ೦.೦೮ ಯೂನಿಟ್ ವಿದ್ಯುತ್ತು ಬೇಕು. ಸಮರಸ್ತೆಯಲ್ಲಿ ಇಷ್ಟರಿಂದಲೇ ಮೂರು ಕಿಲೋಮೀಟರು ಹೋಗಬಹುದು. ಇಳಿಜಾರಿನಲ್ಲಿ ಅನೇಕ ಬೈಕುಗಳ ಮೋಟಾರು ತಾನೇ ವಿದ್ಯುತ್ತನ್ನು ಉತ್ಪಾದಿಸಿ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ, ಓಟವನ್ನೂ ತಡೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು. ಬ್ಯಾಟರಿಯು ಪೂರ್ತಿ ತುಂಬಿದ್ದರೆ ಹಿಂದಿರುಗಿ ಬರುವ ವಿದ್ಯುತ್ತಿಗೆ ಸ್ಥಳವಿರುವುದಿಲ್ಲ, ಆಗ ಈ ತಡೆಯೂ ಇರುವುದಿಲ್ಲ. ಗುಡ್ಡದ ತುದಿಯಲ್ಲಿ ಮನೆಯಿರುವವನು ರಾತ್ರಿಯೆಲ್ಲ ಚಾರ್ಜು ಮಾಡಿ ಬೆಳಗ್ಗೆ ಹಾಲಿನ ಕ್ಯಾನಿನೊಡನೆ ಇಳಿಯುವಾಗ, ನಿನ್ನೆ ನಿಂತಂತೆ ಬೈಕು ಇಂದು ನಿಲ್ಲುವುದಿಲ್ಲ. ಆತನು ನೂರಕ್ಕೆ ೮೫ರಷ್ಟು ತುಂಬಿಸಿದರೆ ಸಾಕು. ತಗ್ಗಿನಲ್ಲಿ ಮನೆಯಿರುವವನಿಗೆ ಈ ಚಿಂತೆಯಿಲ್ಲ. ಪೇಟೆಯಿಂದ ಮರಳುವಾಗ ಇಳಿಯುವುದೇ ಹೆಚ್ಚಾದುದರಿಂದ ಆತನಿಗೆ ಸ್ವಲ್ಪ ಲಾಭವೇ ಸರಿ.

ಚಾರ್ಜು ಮಾಡುವ ಸ್ಥಳದ ವಿಷಯದಲ್ಲಿ ಬಹಳ ಅಲಕ್ಷ್ಯ ಕಂಡುಬರುತ್ತದೆ. ಬೈಹುಲ್ಲಿನ ರಾಶಿಯ ಬಳಿ, ಒಣ ಅಡಿಕೆಯ ಕೊಠಡಿಯಲ್ಲಿ, ರಬ್ಬರು ಹಾಳೆಗಳನ್ನು ಇಡುವಲ್ಲಿ ಚಾರ್ಜು ಮಾಡಲೇ ಕೂಡದು. ಮನೆಮಂದಿ ಹೊರಬರುವ ಬಾಗಿಲಿಗೆ ಅಡ್ಡಲಾಗಿಯೂ ನಿಲ್ಲಿಸಬಾರದು. ಪಂಪಿಗೆಂದು ಎಳೆದ ಹಳೆಯ ತಂತಿಗೆ ಜೋಡಿಸದೆ, ಪ್ರತ್ಯೇಕವಾದ ಮೂರು ಪಿನ್ನಿನ ಸಾಕೆಟನ್ನೂ, ೩೦ ಮಿಲಿ ಆಂಪಿಯರಿನ ಸೋರಿಕೆಗೇ ಕಡಿಯುವ ರಕ್ಷಕ ಸ್ವಿಚ್ಚನ್ನೂ ಹಾಕಿಸತಕ್ಕದ್ದು. ಮುರಕಲ್ಲಿನ ನೆಲವು ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಅದರ ಗುಂಡಿಗೆ ವಾರಕ್ಕೆರಡು ಬಾರಿ ನೀರು ಹೊಯ್ಯುವುದು ಒಳ್ಳೆಯದು. ಪಂಪುಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜು ಬಹಳ ಕುಸಿದು ಚಾರ್ಜರು ತಾನಾಗಿ ನಿಂತರೆ ಅದು ಚಾರ್ಜರಿನ ದೋಷವಲ್ಲ. ಏಪ್ರಿಲ್ ಮೇ ತಿಂಗಳುಗಳ ಗುಡುಗು ಮಳೆಯಲ್ಲಂತೂ ಸ್ವಿಚ್ಚನ್ನು ಆರಿಸಿದರೆ ಸಾಲದು, ಪಿನ್ನನ್ನೇ ಕಿತ್ತಿಡಬೇಕು. ಬಿಸಿಲಿನಲ್ಲಿ ಓಡಿಸಿ ತಂದ ಕೂಡಲೆ ಚಾರ್ಜಿಗಿಡದೆ ಅರ್ಧ ಗಂಟೆ ತಣಿಯಗೊಡಬೇಕು. ಕೆಲವು ವಾರ ಉಪಯೋಗವಿಲ್ಲದಿದ್ದರೆ ಅರ್ಧದಷ್ಟು ತುಂಬಿಸಿ ತಂಪಾದ ಸ್ಥಳದಲ್ಲಿಡತಕ್ಕದ್ದು.

ಮಳೆಯಲ್ಲಿ ಓಡಿಸುವುದಕ್ಕೆ ಅಡ್ಡಿಯಿಲ್ಲ. ಬ್ಯಾಟರಿಯ ಮೇಲೆ ಐ.ಪಿ. ೬೭ ಎಂದಿದ್ದರೆ, ಒಂದು ಮೀಟರು ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆಯನ್ನು ಅದು ಸಹಿಸಿದೆಯೆಂದು ಅರ್ಥ. ತುಂಬಿ ಹರಿಯುವ ತೋಡನ್ನು ದಾಟಬಹುದೆಂದು ಅರ್ಥವಲ್ಲ. ಪಂಪಿನ ರಭಸದ ನೀರಿನಿಂದ ಬೈಕನ್ನು ತೊಳೆಯುವ ಅಭ್ಯಾಸವನ್ನಂತೂ ಬಿಡಬೇಕು.

ಬೈಕು ಹೊರಡದಿದ್ದಾಗ ಬ್ಯಾಟರಿಯೇ ಕೆಟ್ಟಿತೆಂದು ಗಾಬರಿಪಡುವುದು ಸಹಜ. ಎಷ್ಟೋ ಸಲ ಕಾರಣವು ಅಲ್ಪವಾಗಿರುತ್ತದೆ. ಪಕ್ಕದ ಸ್ಟ್ಯಾಂಡು ಪೂರ್ತಿ ಮಡಚಿಲ್ಲದಿದ್ದರೂ, ಬ್ರೇಕಿನ ಹಿಡಿಯ ಸ್ವಿಚ್ಚಿನಲ್ಲಿ ಕೆಸರು ಸಿಕ್ಕಿಕೊಂಡಿದ್ದರೂ ಮೋಟಾರಿಗೆ ವಿದ್ಯುತ್ತು ಹೋಗದು. ಅನೇಕ ಬೈಕುಗಳಲ್ಲಿ ದೀಪ ಹಾರನ್ನುಗಳಿಗೆ ೧೨ ವೋಲ್ಟಿನ ಚಿಕ್ಕ ಬ್ಯಾಟರಿಯಿರುತ್ತದೆ. ಅದು ಬರಿದಾದರೂ ಬೈಕು ಏಳುವುದಿಲ್ಲ. ಓಡುವ ದೂರವು ಹಠಾತ್ತಾಗಿ ಕಡಮೆಯಾದರೆ ಮೊದಲು ಟಯರಿನ ಗಾಳಿಯನ್ನೂ, ಚಕ್ರಕ್ಕೆ ಬ್ರೇಕು ಉಜ್ಜುತ್ತಿದೆಯೇ ಎಂಬುದನ್ನೂ ನೋಡಬೇಕು. ಆ ಮೇಲೆ ಕೈಪಿಡಿಯಲ್ಲಿ ಹೇಳಿದಂತೆ ಒಮ್ಮೆ ಪೂರ್ತಿ ತುಂಬಿಸಿದರೆ ಒಳಗಿನ ಕೋಶಗಳು ಸಮವಾಗುತ್ತವೆ. ಏರಿನ ಮಧ್ಯದಲ್ಲಿ ಬಲ ಕುಗ್ಗಿದರೆ ಮೋಟಾರು ಕಾದಿದೆಯೆಂದು ತಿಳಿದು ನೆರಳಿನಲ್ಲಿ ನಿಲ್ಲಿಸಬೇಕು. ಅಡಿಕೆ ತುಂಬಿದ ಕೊಟ್ಟಿಗೆಯಲ್ಲಿ ಇಲಿಗಳು ತಂತಿಯನ್ನು ಕಡಿಯುವುದೂ ಉಂಟು. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮಾತ್ರ ಯಾರೂ ತಾವಾಗಿ ಮುಟ್ಟಕೂಡದು.

೨೦೨೨ರಲ್ಲಿ ದೇಶದ ಹಲವೆಡೆ ಇಂತಹ ವಾಹನಗಳು ಹೊತ್ತಿ ಉರಿದ ಬಳಿಕ, ಎ.ಐ.ಎಸ್. ೧೫೬ ಎಂಬ ಪರೀಕ್ಷಾಕ್ರಮವನ್ನು ಬಿಗಿಗೊಳಿಸಿ ಅದೇ ವರ್ಷದ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು. ಹಳೆಯ ಬೈಕನ್ನು ಕೊಳ್ಳುವವರು ತಯಾರಾದ ತಿಂಗಳನ್ನು ನೋಡಿಕೊಳ್ಳಬೇಕು. ಬ್ಯಾಟರಿ ಉಬ್ಬಿದರೆ, ಸಿಹಿಯಾದ ಘಾಟು ವಾಸನೆ ಬಂದರೆ, ಹಿಸ್ಸೆಂಬ ಸದ್ದು ಕೇಳಿದರೆ, ಕೈಗೆಟಕುವ ದೂರದಲ್ಲಿ ಮೇನ್ ಸ್ವಿಚ್ಚಿದ್ದರೆ ಆರಿಸಿ, ಮಕ್ಕಳನ್ನೂ ಹಟ್ಟಿಯ ದನಗಳನ್ನೂ ದೂರಮಾಡಿ ೧೧೨ಕ್ಕೆ ಕರೆಮಾಡಬೇಕು. ಬೈಕನ್ನು ಉಳಿಸಹೋಗಬಾರದು. ಆರಿದಂತೆ ತೋರಿದ ಬೆಂಕಿಯು ಕೆಲವು ಗಂಟೆಗಳ ಮೇಲೆ ಮತ್ತೆ ಏಳಬಲ್ಲುದು. ಆಯುಸ್ಸು ಮುಗಿದ ಬ್ಯಾಟರಿಯನ್ನು ಗುಜರಿಯವನಿಗೆ ಕೊಡದೆ ಮಾರಾಟಗಾರರಿಗೇ ಒಪ್ಪಿಸತಕ್ಕದ್ದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಮೇರೆಗೆ ಅದರ ವಿಲೇವಾರಿಯ ಹೊಣೆಯು ತಯಾರಕರದು.