ಮಂತ್ರಗಾರರ ತಕ್ಕಡಿ

ಭಾನುವಾರ ಮಧ್ಯಾಹ್ನ ಮೂರು ಗಂಟೆಗಳ ಕಾಲ ಪುಣೆಯ ನಮ್ಮ ಮನೆಯ ಊಟದ ಮೇಜು ನಮ್ಮದಲ್ಲ. ಸಾರಿನ ಪಾತ್ರೆ ತೆಗೆಯುವುದೇ ತಡ, ನಕ್ಷೆ, ಪೆನ್ಸಿಲು, ನಾನಾ ಮುಖಗಳ ದಾಳಗಳು ಅಲ್ಲಿ ಬಂದು ಕೂರುತ್ತವೆ. ನಮ್ಮ ಮಕ್ಕಳಿಬ್ಬರು, ನೆರೆಮನೆಯ ಹುಡುಗರಿಬ್ಬರು. ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಒಬ್ಬನು ಕಥೆ ನಡೆಸುವ ಸೂತ್ರಧಾರ, ಮಿಕ್ಕವರು ಕಥೆಯೊಳಗಿನ ವೀರರು. ಪಗಡೆಯಂತೆ ಇಲ್ಲಿ ಎದುರಾಳಿಗಳಿಲ್ಲ, ಎಲ್ಲರೂ ಒಂದೇ ಪಕ್ಷ. ಹಾಗಿದ್ದೂ ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಕಿರಿಯವಳು ದಾಳಗಳನ್ನು ಚೀಲಕ್ಕೆ ಸುರಿದು, "ನಾನಿನ್ನು ಆಡೊಲ್ಲ. ಎಲ್ಲಾ ಅಣ್ಣನೇ ಮಾಡ್ತಾನೆ" ಎಂದು ಒಳಗೆ ನಡೆದುಬಿಟ್ಟಳು.

ಮಕ್ಕಳ ಜಗಳವೆಂದು ನಾವು ಸುಮ್ಮನಿರಬಹುದಾಗಿತ್ತು. ಆದರೆ ಅವಳು ಎರಡು ವಾರ ಮೇಜಿನ ಹತ್ತಿರ ಸುಳಿಯಲಿಲ್ಲ. ಕೊನೆಗೆ ನಾವು ಗಂಡಹೆಂಡಿರು ಅವರ ನಿಯಮದ ಪುಸ್ತಕವನ್ನೇ ಮುಂದಿಟ್ಟುಕೊಂಡು ಕುಳಿತೆವು. 2014ರಲ್ಲಿ ಬಂದ ಐದನೆಯ ಆವೃತ್ತಿ ಅದು.

ಮೇಜಿನಲ್ಲಿದ್ದ ಮೂವರು ವೀರರೂ ಮಂತ್ರಗಾರರೇ. ಕತ್ತಿ ಹಿಡಿಯುವವರು ಯಾರೂ ಇಲ್ಲವೆ ಎಂದು ವಾಚಕರು ಕೇಳಬಾರದು. ಆ ವಯಸ್ಸಿಗೆ ಮಂತ್ರವೇ ರುಚಿ. ಮಗನದು ಓದಿ ಕಲಿತ 'ವಿಝರ್ಡ್'. ನೆರೆಮನೆಯ ಚಿಕ್ಕವನದು ಹುಟ್ಟಿನಿಂದಲೇ ಶಕ್ತಿ ಬಂದ 'ಸಾರ್ಸರರ್'. ಮಗಳದು ಯಾವುದೋ ಅತಿಮಾನುಷ ಶಕ್ತಿಯೊಡನೆ ಕರಾರು ಮಾಡಿಕೊಂಡ 'ವಾರ್‌ಲಾಕ್'.

ಈ ಭೇದಗಳೆಲ್ಲ ಮೊದಲಿಗೆ ಇರಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಇದ್ದವರು ಕಾದಾಳು, ಪುರೋಹಿತ, ಮಂತ್ರಗಾರ, ಈ ಮೂವರೇ. ಮಂತ್ರದ ಪದ್ಧತಿಯನ್ನು ಅವರು ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನ 1950ರ ಪುಸ್ತಕವೊಂದರ ಜಾಡಿನಲ್ಲಿ ಕಟ್ಟಿದರು: ಮುಂಚೆಯೇ ಮನನ ಮಾಡಿಟ್ಟುಕೊಂಡ ಮಂತ್ರ ಒಮ್ಮೆ ಉಚ್ಚರಿಸಿದೊಡನೆ ಮನಸ್ಸಿನಿಂದ ಅಳಿಸಿಹೋಗುತ್ತದೆ. ಬೆಳಿಗ್ಗೆ ಕಟ್ಟಿದ ಡಬ್ಬಿಯಂತೆ. ಮಧ್ಯಾಹ್ನ ಚಪಾತಿ ಬೇಕೆನಿಸಿದರೂ ಡಬ್ಬಿಯಲ್ಲಿರುವುದು ಮೊಸರನ್ನವಾದರೆ ಮೊಸರನ್ನವೇ ಗತಿ. ಮೊದಲ ಮೆಟ್ಟಿಲಿನ ಮಂತ್ರಗಾರನಿಗೆ ದಿನಕ್ಕೆ ಒಂದೇ ಮಂತ್ರ. ಬಡಪಾಯಿ ಮೊದಲು ನರಳಿ, ಬದುಕುಳಿದರೆ ಮುಂದೆ ಎಲ್ಲರನ್ನೂ ಮೀರಿಸಲಿ ಎಂಬುದು ಅಂದಿನ ನ್ಯಾಯ. ನಮಗೇನೋ ಇದು ನ್ಯಾಯವೆನಿಸಲಿಲ್ಲ. ಆರು ತಿಂಗಳು ಒಬ್ಬನು ಬೇಸರಪಡುವುದು, ಮುಂದಿನ ಆರು ತಿಂಗಳು ಉಳಿದವರು ಬೇಸರಪಡುವುದು, ಇದೆಂಥ ತೂಕ?

2000ದ ಮೂರನೆಯ ಆವೃತ್ತಿ ಸಾರ್ಸರರ್‌ನನ್ನು ಕರೆತಂದಿತು. ಇವನು ಡಬ್ಬಿಯವನಲ್ಲ, ಖಾನಾವಳಿಯವನು. ಮಾಡಲು ಬರುವ ಅಡಿಗೆ ಕೆಲವೇ. ಆದರೆ ಯಾವುದನ್ನು ಕೇಳಿದರೂ ಆ ಕ್ಷಣ ಬಡಿಸುತ್ತಾನೆ. 2008ರ ಆವೃತ್ತಿ ಕಾದಾಳು, ಮಂತ್ರಗಾರ ಎನ್ನದೆ ಎಲ್ಲರಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಹಂಚಿತು. ತೂಕ ಸರಿಹೋಯಿತು, ಆದರೆ ಎಲ್ಲರೂ ಒಂದೇ ತೆರನಾದರೆಂದು ಆಟಗಾರರಲ್ಲಿ ಹಲವರು ಗೊಣಗಿದರು. 2014ರವರು ಮತ್ತೆ ಭೇದಗಳಿಗೆ ಮರಳಿದರು. ಈಗ ವಿಝರ್ಡ್ ಕೂಡ ಡಬ್ಬಿಯ ಕಟ್ಟುಪಾಡಿನಿಂದ ಅರ್ಧ ಬಿಡುಗಡೆ ಪಡೆದಿದ್ದಾನೆ: ಬೆಳಿಗ್ಗೆ ಆರಿಸಿದ ಮಂತ್ರಗಳಲ್ಲಿ ಯಾವುದನ್ನು ಎಷ್ಟು ಸಲ ಬೇಕಾದರೂ, ಶಕ್ತಿ ಇರುವ ತನಕ, ಪ್ರಯೋಗಿಸಬಹುದು. ಇದರಿಂದ ಖಾನಾವಳಿಯವನಿಗೆ ಪೆಟ್ಟಾಯಿತೆಂಬುದು ನೆರೆಮನೆಯ ಹುಡುಗನ ದೂರು. ಆ ದೂರಿನಲ್ಲಿ ಹುರುಳಿದೆ.

ನಮ್ಮ ಮಗಳ ದೂರು ಬೇರೆ. ನಾವು ಲೆಕ್ಕ ಹಾಕಿದೆವು. ಐದನೆಯ ಮೆಟ್ಟಿಲಿನಲ್ಲಿ ಅಣ್ಣನಿಗೆ ದಿನಕ್ಕೆ 9 ಪ್ರಯೋಗಗಳು. ಅವುಗಳಲ್ಲಿ ಮೂರನೆಯ ದರ್ಜೆಯ ಪ್ರಬಲ ಪ್ರಯೋಗಗಳು ಎರಡು. ತಂಗಿಗೆ ಒಟ್ಟು ಎರಡೇ. ಆದರೆ ಎರಡೂ ಮೂರನೆಯ ದರ್ಜೆಯವು. ಇಷ್ಟಕ್ಕೇ ನಿಂತರೆ ಅನ್ಯಾಯವೇ ಸರಿ. ಗುಟ್ಟು ಮುಂದಿದೆ. ಅಣ್ಣನ ಶಕ್ತಿ ತುಂಬಿಬರಲು ಎಂಟು ಗಂಟೆಯ ದೀರ್ಘ ವಿಶ್ರಾಂತಿ ಬೇಕು. ತಂಗಿಯದು ಒಂದು ಗಂಟೆ ಕುಳಿತೆದ್ದರೆ ಸಾಕು, ಪೂರ್ತಿ ಮರಳುತ್ತದೆ. ದಿನದಲ್ಲಿ ಎರಡು ಸಲ ಹಾಗೆ ವಿಶ್ರಮಿಸಿದರೆ ಅವಳ ಪ್ರಬಲ ಪ್ರಯೋಗಗಳು ಆರಾದವು. ಅಣ್ಣನೂ ಆ ಹೊತ್ತಿನಲ್ಲಿ ಪುಸ್ತಕ ತಿರುವಿ ಒಂದನ್ನು ಮರಳಿ ಪಡೆಯಬಹುದು, ಅವನದು ಮೂರು. ಒಬ್ಬನದು ತಿಂಗಳ ಸಂಬಳ, ಒಬ್ಬಳದು ದಿನಗೂಲಿ. ಕೂಲಿಯವಳಿಗೆ ಸಂಜೆಯೇ ಆಗಗೊಡದಿದ್ದರೆ ಅವಳ ಕೈಗೆ ಕಾಸು ಬರುವುದೆಂತು?

ನಮ್ಮ ಮೇಜಿನಲ್ಲಿ ಆಗುತ್ತಿದ್ದುದು ಅದೇ. ಸೂತ್ರಧಾರ ಹುಡುಗ ಒಂದು ದಿನದ ಕಥೆಯಲ್ಲಿ ಒಂದೇ ದೊಡ್ಡ ಕಾಳಗ ಇಡುತ್ತಿದ್ದ. ಮಗರಾಯ ತನ್ನ ಒಂಬತ್ತನ್ನೂ ಅಲ್ಲಿಯೇ ಸುರಿದು, ಬೆಂಕಿಯ ಉಂಡೆಯಿಂದ ಅರ್ಧ ಸೈನ್ಯವನ್ನು ಸುಟ್ಟು, "ಇನ್ನು ಬೆಳಗಿನವರೆಗೆ ಮಲಗೋಣ" ಎನ್ನುತ್ತಿದ್ದ. ಕಿರಿಯವಳ ಎರಡು ಪ್ರಯೋಗ ಮುಗಿದ ಮೇಲೆ ಉಳಿಯುವುದು ಖರ್ಚಿಲ್ಲದ ಒಂದು ಮಿಂಚು. "ಅದನ್ನೇ ಎಷ್ಟು ಸಲ ಹೊಡೀಲಿ, ಅಮ್ಮಾ?" ಎಂದು ಅವಳು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಸೂತ್ರಧಾರರ ಕೈಪಿಡಿಯಾದರೋ ದಿನಕ್ಕೆ ಆರರಿಂದ ಎಂಟು ಸಾಧಾರಣ ಇಲ್ಲವೆ ಕಠಿಣ ಘರ್ಷಣೆಗಳನ್ನು ಎಣಿಸಿ, ನಡುವೆ ಎರಡು ಚಿಕ್ಕ ವಿಶ್ರಾಂತಿಗಳು ಬೇಕಾದಾವೆಂದು ಹೇಳುತ್ತದೆ. ತಕ್ಕಡಿಯನ್ನು ಆ ದಿನಕ್ಕೆ ಹೊಂದಿಸಿ ಕಟ್ಟಿದ್ದಾರೆ. ನಮ್ಮ ಹುಡುಗರ ದಿನವೇ ಬೇರೆ.

2024ರ ಪರಿಷ್ಕರಣೆಯಲ್ಲಿ ವಾರ್‌ಲಾಕ್‌ಗೆ, ದಿನಕ್ಕೊಮ್ಮೆ ಒಂದೇ ನಿಮಿಷದ ವಿಧಿಯಿಂದ ಅರ್ಧ ಶಕ್ತಿ ಮರಳಿ ಪಡೆಯುವ ಅನುಕೂಲ ಮಾಡಿಕೊಟ್ಟಿದ್ದಾರೆ. ಇಪ್ಪತ್ತನೆಯ ಮೆಟ್ಟಿಲಿನ ಸಾರ್ಸರರ್‌ಗೆ 15ರ ಬದಲು 22 ಮಂತ್ರಗಳು. ಹೊಸ ಪುಸ್ತಕ ಕೊಡಿಸೆಂದು ಮಗ ಪೀಡಿಸಿದ. ಅದರ ಬೆಲೆ ನೋಡಿ ನಾವು ಹಳೆಯದರಲ್ಲೇ ಸುಧಾರಿಸಲು ಹೇಳಿದೆವು.

ಸೂತ್ರಧಾರನನ್ನು ಕರೆದು, ಅವಲಕ್ಕಿ ಕೊಟ್ಟು, ಲೆಕ್ಕದ ಹಾಳೆ ತೋರಿಸಿದೆವು. ಅವನು ತಲೆ ಕೆರೆದುಕೊಂಡು, "ಕಾಕೂ, ಇದು ನನಗೆ ತೋಚಲೇ ಇಲ್ಲ" ಎಂದ. ಮುಂದಿನ ವಾರ ಒಂದು ದೊಡ್ಡ ಕಾಳಗದ ಬದಲು ಐದು ಚಿಕ್ಕವು, ನಡುವೆ ಹಾಳು ಗೋಪುರವೊಂದರಲ್ಲಿ ಎರಡು ಸಲ ತಂಗುವ ಅವಕಾಶ. ಮೂರನೆಯ ಕಾಳಗಕ್ಕೇ ಮಗನ ಬತ್ತಳಿಕೆ ಬರಿದು. ನಾಲ್ಕನೆಯದರಲ್ಲಿ ರಾಕ್ಷಸರು ಅವನನ್ನು ಮುತ್ತಿದಾಗ ಅವನೇ, "ಪುಟ್ಟೀ, ಏನಾದ್ರೂ ಮಾಡೇ!" ಎಂದು ಕೂಗಿದ್ದು ಅಡಿಗೆಮನೆಗೂ ಕೇಳಿಸಿತು.

ಈಗ ಆಟದೊಳಗೆ ವಿಶ್ರಾಂತಿ ಘೋಷಣೆಯಾದಾಗಲೆಲ್ಲ ನಮಗೂ ಕರೆ ಬರುತ್ತದೆ. ನಾಲ್ಕು ಲೋಟ ಬೋರ್ನ್‌ವಿಟಾ ಮೇಜಿಗೆ ಹೋಗಬೇಕು. ಕರೆ ಕೊಡುವವಳು ಕಿರಿಯವಳೇ.